ಸಾಕ್ಷಿ ಗಾಜು

ಕುಂಚದ ಕೂದಲಿರಬೇಕು, ಬಣ್ಣ ಹೊಡೆಯುವಾಗ ಉದುರಿ ಗೋಡೆಗೆ ಅಂಟಿಕೊಂಡದ್ದು, ಅಗ್ಗದ ಕುಂಚ ತಂದರೆ ಹೀಗೇ — ಬೆರಳುದ್ದವೂ ಇಲ್ಲ, ಬಾಗಿಲಿನಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ, ಇವತ್ತು ಬಾಡಿಗೆಗೆ ಬರುತ್ತಿರುವ ಈ ಹುಡುಗಿಗಂತೂ ಕಾಣುವುದಿಲ್ಲ, ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಾಳೆ, ನೀರು ಜೋರಾಗಿ ಬರುತ್ತಲ್ವಾ ಆಂಟಿ, ಬರುತ್ತಮ್ಮ, ಮೇಲೆ ಹೊಸ ಟ್ಯಾಂಕ್ ಇಡಿಸಿದ್ದೀನಿ, ದೊಡ್ಡದು. ಮೇಲೆ. ಸರಿಯಾಗಿ ಇದರ ಮೇಲೆ. ಬಾಡಿಗೆಗೆ ಬರೋರು ನೋಡೋದು ಮೂರೇ ಅಕ್ಕ, ನೀರು, ಬಚ್ಚಲು, ಹಾಲು ಎಂದಿದ್ದ ತಮ್ಮ, ಹಾಲು ಅವರೇ ತಂದ್ಕೊಳ್ಳಲಿ ಬಿಡೋ ಎಂದು ನಗಿಸಿದ್ದೆ, ಅವನು ನಗುತ್ತಲೇ ಕೈ ಚಾಚಿ, ಈ ನಡುಗೋಡೆ ತೆಗೆಸಿಬಿಡು, ಆಗ ನೋಡು ಹಾಲ್ ಹೇಗೆ ಬಯಲಾಗುತ್ತೆ. ಮೂರು ಮನೆ ಬಾಡಿಗೆಗೆ ಬಿಟ್ಟು ಪಳಗಿದವನು, ಹಳೇ ಪೈಪು ಬದಲಿಸು ಅಂದ, ಬದಲಿಸಿದೆ, ಬಿಳಿ ಬಣ್ಣ ಬೇಡ ಅಂದ, ಬಿಟ್ಟೆ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂತು ಊರವರ ಹೆಸರೆಲ್ಲ ಬರೆದೆ, ನನ್ನ ಹೆಸರು ಬರೆದಿರುವುದು ಈ ಮನೆಯ ಪತ್ರದ ಮೇಲೆ ಮಾತ್ರ, ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ, ನಿನ್ನ ಮನೆ, ನಿನ್ನ ತಲೆನೋವು, ನಾಳೆ ನನ್ನ ಹತ್ರ ಬಂದು ಅಳಬೇಡ. ಅತ್ತಿಲ್ಲ. ಬಿರುಕಿನ ವಿಷಯ ಹೇಳಿಯೂ ಇಲ್ಲ. ಮೇಸ್ತ್ರಿ ಆ ನಡುಗೋಡೆಯನ್ನು ಸುತ್ತಿಗೆಯ ಹಿಡಿಯಿಂದ ಬಡಿದು, ಕಿವಿಯಿಟ್ಟು ಕೇಳಿ, ಇದು ಸುಮ್ನೆ ನಿಂತಿರೋದಲ್ಲಮ್ಮ, ಚಾವಣಿ ಹೊತ್ಕೊಂಡಿರೋದು, ಇಂಜಿನಿಯರಿಗೆ ತೋರಿಸಿ, ಕಬ್ಬಿಣದ ತೊಲೆ ಕೊಟ್ಟು ಆಮೇಲೆ ತೆಗೆಯೋಣ ಎಂದಾಗ ನಾನೇ, ಒಂದು ಗೋಡೆ ಕೆಡವೋದಕ್ಕೆ ಇಂಜಿನಿಯರ್ ಯಾಕೆ ಮೇಸ್ತ್ರಿ, ಆ ದುಡ್ಡಿಗೆ ಬಚ್ಚಲಿಗೆ ಟೈಲ್ಸ್ ಆಗುತ್ತೆ, ತೊಲೆ ಯಾರ ಕಣ್ಣಿಗೆ ಕಾಣಬೇಕು.

ಗೋಡೆ ಹೋದ ಒಂಬತ್ತನೆಯ ದಿನ ಬಿರುಕು ಚಾವಣಿಯಿಂದ ಪಕ್ಕದ ಗೋಡೆಗಿಳಿದಿತ್ತು, ಸೆರಗಿನ ಅಂಚಿನಿಂದ ನೂಲು ಬಿಟ್ಟ ಹಾಗೆ, ನನ್ನ ಕಣ್ಣಿನ ಮಟ್ಟಕ್ಕೆ. ಮೇಸ್ತ್ರಿ ಬೈಯಲೂ ಇಲ್ಲ, ಬೆರಳಗಲದ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡ ಇಟ್ಟು ಎರಡು ತುದಿಗೂ ಸಿಮೆಂಟು ಮೆತ್ತಿದ, ಇದನ್ನ ನಾವು ಸಾಕ್ಷಿ ಅಂತೀವಮ್ಮ, ಗೋಡೆಗೆ ಪುಟ್ಟಿ ಹಚ್ಚಿದ್ರೆ ನಗ್ತಾ ನಿಂತ್ಕೊಳ್ಳುತ್ತೆ, ಗಾಜಿಗೆ ಸುಳ್ಳು ಬರಲ್ಲ, ಗೋಡೆ ಕದಲಿದ್ರೆ ಒಡೆದುಹೋಗುತ್ತೆ, ಎರಡು ತಿಂಗಳು ನೋಡಿ, ಅಲ್ಲೀತನಕ ಯಾರನ್ನೂ ಒಳಗೆ ಬಿಡಬೇಡಿ. ಇಪ್ಪತ್ತು ದಿನ ನೋಡಿದೆ. ದಿನಾ ಬಂದು, ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿದೆ, ಒಡೆದಿರಲಿಲ್ಲ, ಇಪ್ಪತ್ತೊಂದನೆಯ ದಿನ ಬಣ್ಣದವನು, ಈ ಗಾಜಿಗೂ ಹೊಡೀಲಾ ಮೇಡಂ, ಹೊಡಿ ಎಂದೆ, ಅಕ್ಕಪಕ್ಕ ಪುಟ್ಟಿ ತುಂಬಿ ಮಟ್ಟ ಮಾಡು, ಎರಡು ಕೋಟು ಕೊಡು — ಸಾಕ್ಷಿಯ ಬಾಯಿ ಮುಚ್ಚಿಸಿದ್ದು ಅಷ್ಟು ಸುಲಭವಾಗಿ.

ಆದರೆ ಟ್ಯಾಂಕ್ ಆಗ ಖಾಲಿ ಇತ್ತು. ಪೂರ್ತಿ ತುಂಬಿದ್ದು ಇವತ್ತೇ, ಇವಳು ಬರುತ್ತಾಳೆಂದು ಬೆಳಿಗ್ಗೆ ನಾನೇ ಪಂಪು ಹಾಕಿದೆ, ಎಷ್ಟು ನೀರು, ಎಷ್ಟು ಭಾರ, ಇಲ್ಲ, ಕೂದಲೇ. ಆಂಟಿ, ಈ ಕೊಕ್ಕೆ ಗಟ್ಟಿ ಇದೆಯಾ, ತೊಟ್ಟಿಲು ಇಲ್ಲೇ ಕಟ್ಟಿಬಿಡ್ತೀನಿ, ಇಲ್ಲಿ ಗಾಳಿ ಚೆನ್ನಾಗಿದೆ. ನಡುಗೋಡೆ ಇದ್ದ ಜಾಗ. ಗಟ್ಟಿ ಇದೆಯಮ್ಮ, ಎಂದುಬಿಟ್ಟೆ, ಮಗು ಕೊಕ್ಕೆಯನ್ನೇ ನೋಡುತ್ತಿದೆ, ಹೊರಗೆ ಸಾಮಾನಿನ ಗಾಡಿ ನಿಂತ ಸದ್ದು, ಕೀ ಕೊಡಿ ಆಂಟಿ, ಅವರು ಬಂದ್ರು, ಕೊಡುತ್ತೇನೆ, ಈ ಕೂದಲೊಂದನ್ನು ತೆಗೆದುಬಿಡುತ್ತೇನೆ, ಉಗುರಿನಲ್ಲಿ ಕೆರೆದರೆ ಬಂದುಬಿಡುತ್ತದೆ — ಉಗುರು ಇಟ್ಟೆ, ಎಳೆದೆ, ಬರಲಿಲ್ಲ, ಉಗುರೇ ಇಳಿಯಿತು, ಬಣ್ಣದ ಒಳಗೆ, ತಣ್ಣಗೆ ಗಾಜಿನ ಅಂಚು, ಬೆರಳ ತುದಿಯಲ್ಲಿ ಸಣ್ಣ ಕೆಂಪು, ಆಂಟಿ, ಕೀ, ಅವಳ ಚಾಚಿದ ಅಂಗೈ, ಕೀ ನನ್ನ ಮುಷ್ಟಿಯಲ್ಲೇ ಇದೆ, ಮುಷ್ಟಿ ಬಿಚ್ಚುತ್ತಿಲ್ಲ, ಗೆರೆ, ಈಗಷ್ಟೇ ಬೆರಳುದ್ದವೂ ಇರದಿದ್ದ ಗೆರೆ, ಕೂದಲಲ್ಲ, ಕೂದಲಲ್ಲ —