ರವಿವಾರದ ಫೋನು

ಪಿಯುಸಿ ಮಾರ್ಕ್ಸ್ ಕಾರ್ಡು ಕೈಗೆ ಬಂದ ಮೂರನೇ ದಿನಕ್ಕೇ ಅದು ಶಂಕರೆಪ್ಪನ ಕಪಾಟು ಸೇರಿತು.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಆಫೀಸು. ಹಳ್ಳಿಯ ಹುಡುಗಿಯರಿಗೆ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನರ್ಸಿಂಗ್ ಸೀಟು ಕೊಡಿಸುವುದು ಅವನ ಉದ್ಯೋಗ. ಪ್ರಿಯದರ್ಶಿನಿಗೆ ನರ್ಸ್ ಆಗುವ ಆಸೆ. ಆದರೆ ಸರಕಾರಿ ಸೀಟು ಸಿಗುವಷ್ಟು ರ‍್ಯಾಂಕ್ ಬಂದಿರಲಿಲ್ಲ. ಕುರಿ ಕಾಯುವ ಅವಳ ಅಪ್ಪ ಸೋಮನಿಂಗ ಯಾರೋ ಹೇಳಿದ್ದನ್ನು ಕೇಳಿ ಅವಳನ್ನು ಇಲ್ಲಿಗೆ ಕರೆತಂದಿದ್ದ.

"ಒರಿಜಿನಲ್ ಎಲ್ಲಾ ನನ್ನ ಕಡೆ ಇರ್ಲಿ," ಎಂದ ಶಂಕರೆಪ್ಪ. "ಅರ್ಜಿ ತುಂಬೂದು, ಕಳಿಸೂದು, ಬಸ್ ಹತ್ಸೂದು ನಂದು. ಬುಧವಾರ ಬ್ಯಾಗ್ ತಗೊಂಡು ಬರ್ರಿ, ಸಾಕು."

"ಒಮ್ಮಿ ಕಾಲೇಜ್ ನೋಡ್ಕೊಂಡು ಬರಬೋದೇನ್ರಿ, ಸರ?" ಪ್ರಿಯದರ್ಶಿನಿ ಕೇಳಿದಳು.

"ನೋಡಾಕ ಏನೈತವ್ವಾ? ಹೋದಮ್ಯಾಲ ನಾಕ್ ವರ್ಷ ಅದನ್ನ ನೋಡ್ತಿ." ಅವನು ನಕ್ಕು ಕಪಾಟಿನ ಕೀಲಿ ತಿರುವಿದ. "ಹೂವಿನ ಹಿಪ್ಪರಗಿ ಯಶೋಧಾ ಹೋದ ವರ್ಷ ಹೋದ್ಲು. ಆಕಿ ಏನರ ತಿರುಗಿ ಬಂದಾಳೇನು?"

ಮನೆಗೆ ಬಂದ ಮೇಲೆ ಅವಳು ಅಪ್ಪ ಸಹಿ ಮಾಡಿದ್ದ ಕರಾರುಪತ್ರದ ಝೆರಾಕ್ಸ್ ಪ್ರತಿ ಓದಿದಳು. ವಿದ್ಯಾರ್ಥಿನಿ ಮೊದಲ ಎರಡು ವರ್ಷ ಊರಿಗೆ ಹೋಗುವಂತಿಲ್ಲ. ಫೋನು ಹಾಸ್ಟೆಲಿಗೆ ಒಪ್ಪಿಸಬೇಕು. ಸಂಸ್ಥೆ ಹೇಳಿದ ಸೇವೆ ಮಾಡಬೇಕು. ಪಾಠದ ಬಗ್ಗೆ, ಪರೀಕ್ಷೆಯ ಬಗ್ಗೆ ಎಲ್ಲೂ ಒಂದು ಸಾಲಿರಲಿಲ್ಲ.

ರೊಟ್ಟಿ ಬಡಿಯುತ್ತಿದ್ದ ತಾಯಿ ಕಾಶಿಬಾಯಿ ಕೈ ನಿಲ್ಲಿಸಿದಳು. "ಸೇವಾ ಅಂದ್ರ ಏನ?"

"ತಿಳೀವಲ್ದಬೇ."

"ಆ ಹಿಪ್ಪರಗಿ ಹುಡುಗಿ ಮನೀಗೆ ಹೋಗಿ ಕೇಳ್ಕೊಂಡು ಬರ್ರಿ. ಅಲ್ಲೀತನಕ ಬ್ಯಾಗ್ ತುಂಬಬ್ಯಾಡ."

ರವಿವಾರ ಅಪ್ಪ ಮಗಳು ಹಿಪ್ಪರಗಿಯಲ್ಲಿ ಇಳಿದರು. ಯಶೋಧಾಳ ಅಪ್ಪ ಪರಮಾನಂದ ಮನೆ ಕಟ್ಟುವ ಗೌಂಡಿ, ಕೆಲಸಕ್ಕೆ ಹೋಗಿದ್ದ. ತಾಯಿ ದುರ್ಗವ್ವ ಚಹಾ ಕೊಟ್ಟು, "ಹನ್ನೊಂದಕ್ಕ ಹಾಸ್ಟೆಲ್‌ದಿಂದ ಆಕೀದು ಫೋನ್ ಬರ್ತೈತಿ. ನೀನ ಮಾತಾಡವ್ವಾ," ಎಂದಳು.

ಸರಿಯಾಗಿ ಹನ್ನೊಂದಕ್ಕೆ ಫೋನು ಬಂತು. ದುರ್ಗವ್ವ ಸ್ಪೀಕರ್ ಹಾಕಿದಳು.

"ನಾ ಆರಾಮದೀನಿ. ಊಟ ಚಲೋ ಐತಿ. ಓದು ಚಲೋ ನಡದೈತಿ."

ಮಗಳ ದನಿಯ ಜೊತೆಗೇ ದುರ್ಗವ್ವನ ತುಟಿಗಳೂ ಅದೇ ಮಾತುಗಳನ್ನು ಆಡುತ್ತಿದ್ದವು. ವಾರ ವಾರವೂ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ಕಂಡು ಪ್ರಿಯದರ್ಶಿನಿ ಫೋನಿನ ಹತ್ತಿರ ಸರಿದಳು.

"ಅಕ್ಕಾ, ನಾನೂ ನಿಮ್ಮ ಕಾಲೇಜಿಗೆ ಅರ್ಜಿ ಹಾಕೇನ್ರಿ. ಬುಧವಾರ ಬರಾಕತ್ತೇನಿ."

ಆ ಕಡೆ ಹಿಂದಿನಿಂದ ಯಾವುದೋ ಹೆಂಗಸು ಗದರಿದ ಸದ್ದು. ಆಮೇಲೆ, "ಬಾ. ಚಲೋ ಐತಿ."

"ಯಾವ್ಯಾವ ಪುಸ್ತಕ ತರ್ಲಿ, ಅಕ್ಕಾ?"

ಯಶೋಧಾಳ ದನಿ ಪಿಸುಮಾತಿಗೆ ಇಳಿಯಿತು. "ಪುಸ್ತಕ ಬ್ಯಾಡ. ಕೊಬ್ಬರಿ ಎಣ್ಣಿ ತಾ. ಫಿನೈಲಿಗೆ ಕೈ ಒಡೀತಾವು."

ಫೋನು ಕಟ್ಟಾಯಿತು. ದುರ್ಗವ್ವ ಎಷ್ಟು ಸಲ ತಿರುಗಿ ಹಚ್ಚಿದರೂ ಹತ್ತಲಿಲ್ಲ.

ಮರುದಿನ ಮುಂಜಾನೆ ಅಪ್ಪ, ಮಗಳು, ದುರ್ಗವ್ವ ಮೂವರೂ ಶಂಕರೆಪ್ಪನ ಮುಂದೆ ನಿಂತು ಕಾರ್ಡು ತಿರುಗಿ ಕೇಳಿದರು.

"ಕಾರ್ಡ್ ಆಗಲೇ ಕೊರಿಯರ್‌ದಾಗ ಹೋತು," ಎಂದ ಅವನು, ತಲೆ ಎತ್ತದೆ. "ಸೀಟ್ ಪಕ್ಕಾ ಆಗೈತಿ. ಈಗ ಒಲ್ಲೆ ಅಂದ್ರ ನಡೆಯಂಗಿಲ್ಲ."

ದುರ್ಗವ್ವ ಬಾಗಿಲಲ್ಲೇ ಕುಳಿತಳು. "ನನ್ನ ಮಗಳು ಎಲ್ಲಿ ಅದಾಳ ಹೇಳು. ಹೇಳೂತನಕ ನಾ ಏಳಂಗಿಲ್ಲ, ನಿನ್ನೂ ಹೊರಗ ಬಿಡಂಗಿಲ್ಲ."

ಅವಳ ದನಿ ಕೆಳಗಿನ ಅಂಗಡಿಗೆ ಕೇಳಿಸಿತು. ಅಂಗಡಿಯ ಗುಡುಸಾಬ ಇಬ್ಬರು ಹಮಾಲರೊಂದಿಗೆ ಮೇಲೆ ಬಂದ. ವಿಷಯ ಕೇಳಿ, "ಶಂಕರೆಪ್ಪಾ, ಕಪಾಟ ತಗಿ," ಎಂದಷ್ಟೇ ಹೇಳಿದ.

ಕಪಾಟು ತೆರೆಯಿತು. ಪ್ರಿಯದರ್ಶಿನಿಯ ಕಾರ್ಡು ಮೇಲೆಯೇ ಇತ್ತು. ಅದರ ಕೆಳಗೆ ಬೇರೆ ಹುಡುಗಿಯರ ಕಾರ್ಡುಗಳ ಒಂದು ಗೇಣು ಎತ್ತರದ ಕಟ್ಟು. ಶಂಕರೆಪ್ಪ ಅವಳದನ್ನು ಮೇಜಿನ ಮೇಲೆ ಒಗೆದು, ಅವಳಿಗೆ ಮಾತ್ರ ಕೇಳುವಂತೆ, "ನಿನ್ನ ಹೆಸರು ಅಲ್ಲಿ ಬರ್ಕೊಂಡಾರ. ಇವತ್ತಲ್ಲ ನಾಳೆ ಹುಡಿಕ್ಕೊಂಡು ಬರ್ತಾರ," ಎಂದ. ಯಶೋಧಾಳ ಕಾರ್ಡು ಆ ಕಟ್ಟಿನಲ್ಲಿರಲಿಲ್ಲ.

ಅವಳು ಎಲ್ಲಿದ್ದಾಳೆಂದು ಅವನು ಬಾಯಿ ಬಿಡದಿದ್ದಾಗ ಅವರು ಠಾಣೆಗೆ ಹೋದರು. ಪೊಲೀಸರು ದೂರು ಬರೆದುಕೊಂಡರು. ಬೇರೆ ರಾಜ್ಯದ ಮಾತು, ಅಲ್ಲಿಗೆ ಬರೆದು ಕೇಳಬೇಕು ಎಂದರು. ಸಂಜೆ ಹೋಗಿ ನೋಡಿದರೆ ಆಫೀಸಿಗೆ ಬೀಗ, ಬೋರ್ಡೂ ಇಲ್ಲ; ಕಿಟಕಿಯಿಂದ ಇಣುಕಿದರೆ ಕಪಾಟೂ ಖಾಲಿ. ಪರಮಾನಂದ ಮತ್ತೇನೂ ಕಾಯದೆ ಸೋಮನಿಂಗನ ಕರಾರುಪತ್ರದಲ್ಲಿದ್ದ ವಿಳಾಸ ಹಿಡಿದು ಹೊರಟ. ಸೋಮನಿಂಗ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಅವನ ಜೊತೆಗೆ ಹೋದ.

ನಾಲ್ಕನೇ ದಿನ ಅವರು ಯಶೋಧಾಳನ್ನು ಕರೆದುಕೊಂಡು ಬಂದರು.

ಅಲ್ಲಿ ವಿಶ್ವವಿದ್ಯಾಲಯ ಇರಲಿಲ್ಲ. ಒಂದು ಆಸ್ಪತ್ರೆ ಇತ್ತು. ಗೇಟಿನವನು ಒಳಗೆ ಬಿಡಲಿಲ್ಲ. ಪರಮಾನಂದ ರಸ್ತೆಯಲ್ಲೇ ನಿಂತು ಮಗಳ ಹೆಸರು ಹಿಡಿದು ಕೂಗತೊಡಗಿದ. ಗಂಟಲು ಬಿದ್ದುಹೋಗುವ ತನಕ ಕೂಗಿದ. ಹಾದುಹೋಗುವ ಜನ ನಿಂತು ಕೇಳತೊಡಗಿದಾಗ ಒಳಗಿನವರು ಹೆದರಿ ಅವಳೊಬ್ಬಳನ್ನು ಹೊರಗೆ ತಳ್ಳಿದರು. ಅವಳ ಜೊತೆ ವಾರ್ಡು ಒರೆಸುತ್ತಿದ್ದ ಐವರು ಹುಡುಗಿಯರು ಎರಡನೇ ಮಹಡಿಯ ಕಿಟಕಿಯಲ್ಲಿ ನಿಂತಿದ್ದರು. ಒಬ್ಬಳೂ ಕೈ ಬೀಸಲಿಲ್ಲ ಎಂದು ಸೋಮನಿಂಗ ಹೇಳಿದ.

ಆ ವಾರವೇ ಪ್ರಿಯದರ್ಶಿನಿ ಮುದ್ದೇಬಿಹಾಳದ ಸರಕಾರಿ ಕಾಲೇಜಿನ ಸಾಲಿನಲ್ಲಿ ನಿಂತು, ಬಿಎಸ್ಸಿಗೆ ತನ್ನ ಕೈಯಾರೆ ಅರ್ಜಿ ತುಂಬಿದಳು. ಮಾರ್ಕ್ಸ್ ಕಾರ್ಡು ತಾಳೆ ನೋಡಿದ ಗುಮಾಸ್ತೆ ಅದನ್ನು ತಿರುಗಿ ಕೊಡುವ ತನಕ ಅವಳ ಕಣ್ಣು ಅದರ ಮೇಲಿಂದ ಕದಲಲಿಲ್ಲ.

ಯಶೋಧಾ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಅಲ್ಲಿ ಉಳಿದ ಐವರು ಹುಡುಗಿಯರ ಹೆಸರು, ಊರು ಬರೆದುಕೊಟ್ಟಳು. ಮೂವರು ಸಿಂದಗಿ ಕಡೆಯವರು, ಇಬ್ಬರು ಇಂಡಿ ಕಡೆಯವರು. "ಪತ್ರ ಬರದ್ರ ನಂಬಂಗಿಲ್ಲ. ನನ್ನ ಕೈ ನೋಡಿದ್ರ ನಂಬ್ತಾರ," ಎಂದು ತಾನೇ ಹೊರಟಳು. ಪ್ರಿಯದರ್ಶಿನಿ, ಸೋಮನಿಂಗ ಜೊತೆಗೆ ಹೋದರು. ನಾಲ್ಕು ಮನೆಯವರು ಆ ಕೈ ನೋಡಿ, ಉಟ್ಟ ಬಟ್ಟೆಯಲ್ಲೇ ಮಕ್ಕಳನ್ನು ತರಲು ಹೊರಟರು.

ಕೊನೆಯದು ಇಂಡಿ ಹತ್ತಿರದ ಒಂದು ತೋಟ. ಐದನೇ ಹುಡುಗಿಯ ತಾಯಿ ಸೀತವ್ವ ನಿಂಬೆಹಣ್ಣು ಆರಿಸುತ್ತಿದ್ದಳು. ಯಶೋಧಾ ಹೇಳುವುದನ್ನೆಲ್ಲ ಕೇಳಿದಳು. ಅಂಗೈಯಲ್ಲಿ ಸೀಳಿದ್ದ ಚರ್ಮವನ್ನು ಮುಟ್ಟಿ ನೋಡಿದಳು.

"ಸಣ್ಣ ಮಗಳನ್ನೂ ನಿನ್ನೆ ಅಲ್ಲಿಗೇ ಕಳಿಸೀನಲ್ಲವ್ವಾ. ಅಕ್ಕ ಅಲ್ಲೇ ಅದಾಳ, ಅಂಜಿಕಿ ಏನೈತಿ ಅಂತ."

"ಶಂಕರೆಪ್ಪ ಬಂದಿದ್ನೇನ್ರಿ?" ಸೋಮನಿಂಗ ಕೇಳಿದ.

"ಇಲ್ರಿ. ಬ್ಯಾರೆ ಯಾರೋ ಸಾಹೇಬ್ರು. ಇಂಡಿಯೊಳಗ ಹೊಸಾ ಆಫೀಸ್ ತಗದಾರಂತ."

ಯಶೋಧಾ ಮೆಲ್ಲಗೆ, "ಮೊದಲ ದಿನ ಕೆಲಸಕ್ಕ ಹಚ್ಚಂಗಿಲ್ರಿ. ಚಲೋ ಊಟ ಹಾಕ್ತಾರ. ಈಗ ಹೊಂಟ್ರ..." ಎಂದು ತಡೆದಳು.

ಸೀತವ್ವನ ಮಡಿಲಿನಿಂದ ನಿಂಬೆಹಣ್ಣು ಉರುಳಿದವು. ಅವಳು ಚಪ್ಪಲಿಯನ್ನೂ ಮೆಟ್ಟದೆ ರಸ್ತೆಯ ಕಡೆ ನಡೆಯತೊಡಗಿದ್ದಳು. ಸೋಮನಿಂಗ ಅವಳಿಗಿಂತ ಮುಂದೆ ಓಡಿ, ದೂರದಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿದ್ದ ಟೆಂಪೋಗೆ ಎರಡೂ ಕೈ ಎತ್ತಿ ನಿಂತ.