ಯಾರ ಎಡ

"ಎಡಗಡೆ ಸಾಲು ಅಂದಿದ್ದೆ ಕಣೋ ಓಂಕಾರೇಶ!"

"ಎಡಗಡೇದೇ ಕುಯ್ದಿರೋದು ಅಕ್ಕ. ನೀವೇ ನೋಡ್ಕಳಿ."

ಎಮ್ಮೆದೊಡ್ಡಿಯ ತವರುಮನೆ ಜಗಲಿಯಲ್ಲಿ ಕೂತಿದ್ದ ಸಂಘಮಿತ್ರಾಳಿಗೆ ಲ್ಯಾಪ್‌ಟಾಪನ್ನು ಎತ್ತಿ ಒಗೆಯಬೇಕೆನಿಸಿತು. ಒಳಗೆ ಮಗಳು ಭವ್ಯ ಮಂಗನಬಾವಿಗೆ ಕೆನ್ನೆ ಊದಿಸಿಕೊಂಡು ಮಲಗಿದ್ದಳು. ಅವಳನ್ನು ಬಿಟ್ಟು ಬೆಂಗಳೂರಿನ ಲ್ಯಾಬಿಗೆ ಹೋಗಲಾಗದೆ, ಕೈಕೆಳಗಿನ ಹುಡುಗ ಓಂಕಾರೇಶನಿಗೆ ಫೋನಿನಲ್ಲೇ ಕೆಲಸ ಹೇಳಿದ್ದಳು.

ಆಕಾಶದ ಬೆಳಕು ಹಿಡಿಯುವ ಚಿಪ್ ಅದು. ಮೈ ಕೊರೆಯುವ ಚಳಿಗಿಂತ ಎಷ್ಟೋ ಪಾಲು ತಣ್ಣಗೆ ಮಾಡಿದರೆ ಅದರ ಸಾಲುಗಳಲ್ಲಿನ ಒಂದೊಂದು ಕಣ್ಣೂ ತನ್ನದೇ ಶ್ರುತಿಯಲ್ಲಿ ಮಿಡಿಯುತ್ತದೆ. ಎರಡರ ಶ್ರುತಿ ಒಂದೇ ಆದರೆ ಬೆಳಕು ಯಾವುದಕ್ಕೆ ಬಿತ್ತೋ ತಿಳಿಯದು. ಕೂದಲಿಗಿಂತ ಸಣ್ಣ ಎಳೆಯೊಂದನ್ನು ಲೇಸರಿನಲ್ಲಿ ಕುಯ್ದರೆ ಆ ಕಣ್ಣಿನ ಶ್ರುತಿ ಏರುತ್ತದೆ. ಏರಿದ್ದು ಇಳಿಯುವುದಿಲ್ಲ. ಈಗ ಹುಡುಗ ಕುಯ್ದದ್ದರಿಂದ ಸರಿಯಿದ್ದ ಸಾಲಿನ ಶ್ರುತಿ ಏರಿ ಪಕ್ಕದ ಸಾಲಿನ ಶ್ರುತಿಯ ಮೇಲೆ ಬಿದ್ದಿತ್ತು. ಕೆಟ್ಟಿದ್ದ ಸಾಲು ಕೆಟ್ಟೇ ಇತ್ತು.

"ಎಡ, ಬಲ ಅಂತ ಕೂಗಾಡ್ತಿದೀಯ, ಎತ್ತಿನ ಯಾಪಾರ ಏನವ್ವಾ?" ಹಟ್ಟಿಯಿಂದ ಅಪ್ಪ ಗಿರಿಯಪ್ಪ ನಗೆಯಾಡಿದ.

ಸಂಘಮಿತ್ರಾ ನಗಲಿಲ್ಲ. ಈ ಮನೆಯಲ್ಲಿ ಎಡ ಎಂದರೆ ಎತ್ತಿನ ಎಡ, ನೇಗಿಲ ಹಿಂದೆ ನಿಂತವನ ಎಡ. ಚಿಪ್ಪನ್ನೂ ಅವಳು ತಂತಿ ಹೊರಡುವ ಬೆನ್ನ ಕಡೆಯಿಂದಲೇ ನೋಡಿ ಹೇಳಿದ್ದಳು.

"ನೀನು ಯಾವ ಕಡೆ ನಿಂತಿದ್ದೆ?" ಎಂದು ಫೋನಿನಲ್ಲಿ ಕೇಳಿದಳು.

"ಎದುರಿಗೆ. ಇನ್ನೆಲ್ಲಿ ನಿಲ್ಲಾದು?"

"ತರೀಕೆರೆ ಅಂಗಡಿಯೋನ ಮಗ ಕಣಪ್ಪ ನೀನು. ಗಿರಾಕಿ ನೋಡ್ದಂಗೆ ಎಲ್ಲಾನೂ ಎದುರಿಂದಲೇ ನೋಡಾದು."

"ಬೈಕಳಿ. ರುದ್ರಮೂರ್ತಿ ಸಾರ್ ಕೇಳಿದ್ರೆ ಏನನ್ಲಿ?"

"ನಾನು ಹೇಳಿದ್ದೇ ತಪ್ಪಾಯ್ತು ಅನ್ನು." ಲ್ಯಾಬಿನ ಮುಖ್ಯಸ್ಥರಿಗೆ ಬೇರೇನು ಹೇಳುವುದು? ಐದು ವರ್ಷದ ಕೆಲಸ. ನಾಳೆ ಚಿಪ್ ದೂರದರ್ಶಕಕ್ಕೆ ಹೊರಡಬೇಕು. ಹೊರಡದಿದ್ದರೆ ಆ ಜಾಗದಲ್ಲಿ ಬೇರೆಯವರ ಚಿಪ್ ಕೂರುತ್ತದೆ. ಮತ್ತೆ ತಣಿಸಿ ನೋಡಲು ಹೊತ್ತಿಲ್ಲ. ಕೆಡಿಸಿದ ಸಾಲು ಹೋಯಿತು, ಇನ್ನೊಂದನ್ನಾದರೂ ಉಳಿಸಬೇಕು, ಅದೂ ಅಂದಾಜಿನ ಮೇಲೆ.

"ವಿಡಿಯೋ ಹಾಕು. ಎಡ ಬಲ ಬೇಡ. ಬೆರಳು ಸರಿಸು, ನಾನು ಹೇಳ್ತೀನಿ."

ಸೂಕ್ಷ್ಮದರ್ಶಕದ ಪರದೆಯ ಮೇಲೆ ಅವನ ನೀಲಿ ಗ್ಲೌಸಿನ ಬೆರಳು ಸರಿಯಿತು.

"ಅಲ್ಲ. ಆಚೆ. ಇನ್ನೂ ಆಚೆ. ಹ್ಞಾ, ಅದೇ."

"ಅದೇನಾ? ಕುಯ್ದ್ಮೇಲೆ ಅಂಟ್ಸಕ್ಕಾಗಲ್ಲ ಅಕ್ಕ."

"ಗೊತ್ತು ಕಣೋ. ಕುಯ್ಯಿ."

ಪರದೆಯ ಮೇಲೆ ಬೆಳ್ಳನೆಯ ಚುಕ್ಕೆಯೊಂದು ಹೊತ್ತಿ ಆರಿತು.

"ಸರಿ ಆಯ್ತಾ?"

"ತಣ್ಣಗಾದ್ಮೇಲೇ ಗೊತ್ತಾಗಾದು. ಸಾಲಲ್ಲಿ ಮುಂದಿನ ಕಣ್ಣು ತೋರ್ಸು," ಎಂದು ಅವಳು ಪರದೆಗೆ ಇನ್ನಷ್ಟು ಬಾಗಿದಳು.