ಎಷ್ಟು ದಿನದಿಂದ?

ಆಸ್ಪತ್ರೆಯ ವೆಬ್‌ಸೈಟಿಗೆ ಡಾಕ್ಟರನ್ನು ಕಾಣಲು ದಿನ ಗೊತ್ತುಮಾಡುವ ಫಾರಂ ಮಾಡಿದವಳು ತಂಗಿ. ಅವಳ ಮ್ಯಾನೇಜರನಿಗೆ ಕೆಂಪು ಅಕ್ಷರ ಕಂಡರೆ ಮೈಯೆಲ್ಲ ಉರಿ. “ತಪ್ಪು ತುಂಬಿದ್ದೀರಿ, ಸರಿಮಾಡಿ ಅಂತ ಬೈತಾ ಕೂತ್ರೆ ರೋಗಿಗಳು ಓಡಿಹೋಗ್ತಾರಮ್ಮ. ಏನು ಬರೆದ್ರೂ ತಗೊಳ್ಳೋ ಹಾಗೆ ಮಾಡು,” ಅಂದಿದ್ದ. ಆಗದು ಅನ್ನಬೇಕಿತ್ತು. ಅನ್ನಲಿಲ್ಲ, ಬಡ್ತಿಯ ಮೇಲೆ ಕಣ್ಣಿತ್ತು.

‘ಎಷ್ಟು ದಿನದಿಂದ ಈ ತೊಂದರೆ?’ ಎಂಬಲ್ಲಿ ಬೇಕಾದದ್ದು ಅಂಕಿ ಮಾತ್ರ. ಜನ ಬಿಡುತ್ತಾರೆಯೇ? ‘4 ದಿನ ಆಯ್ತು ಡಾಕ್ಟ್ರೇ’ ಎಂದು ಕಷ್ಟಸುಖವನ್ನೆಲ್ಲ ಬರೆಯುತ್ತಾರೆ. ಅವಳು ಒಂದೇ ಸಾಲಿನ ಕೋಡ್ ಬರೆದಳು: ಮೊದಲು ಸಿಕ್ಕ ಅಂಕಿ ಇಟ್ಟುಕೋ, ಮಿಕ್ಕಿದ್ದು ಬಿಸಾಕು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತು. ದೂರು ನಿಂತಿತು. ದೂರಿಲ್ಲದ ಕಡೆ ತಪ್ಪೂ ಇಲ್ಲವೆಂದು ನಂಬುವ ಜಾಣರಿಗೇನು ಬರವೇ? ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರು.

ಅವಳ ಅಕ್ಕ ಟೈಲರ್. ಕುತ್ತಿಗೆಗೆ ಸದಾ ಅಳತೆ ಟೇಪು. ಅದರಡಿ ಬೆಳೆಯುತ್ತಿದ್ದ ಗಂಟು ಯಾರ ಕಣ್ಣಿಗೂ ಬೀಳಲಿಲ್ಲ. ತಂಗಿ ಮಾಡಿದ್ದೆಂಬ ಹೆಮ್ಮೆಯಿಂದ, ಅವಳಿಗೂ ಹೇಳದೆ, ಅಕ್ಕ ಅದೇ ಫಾರಂ ತುಂಬಿದಳು: ‘6 ತಿಂಗಳು’. ಕಂಪ್ಯೂಟರು ಆರನ್ನು ಇಟ್ಟುಕೊಂಡು ತಿಂಗಳನ್ನು ಬಿಸಾಕಿತು. ಆರು ದಿನದ ಗಂಟಿಗೆ ಏನವಸರ? ಹಸಿರು ಅಕ್ಷರದಲ್ಲಿ ಧನ್ಯವಾದ ಹೇಳಿ, ಮೂರು ತಿಂಗಳಾಚೆಯ ದಿನ ಕೊಟ್ಟಿತು. ಅಕ್ಕ ನಿರಾಳವಾಗಿ ಹೊಲಿಗೆಗೆ ಕೂತಳು.

ಕೊನೆಗೆ ಡಾಕ್ಟರು ನೋಡಿದಾಗ ಅದು ಗಂಟಲಿಗೂ ಹಬ್ಬಿತ್ತು.

“ಇಷ್ಟು ದಿನ ಸುಮ್ನೆ ಕೂತಿದ್ರಾ? ಮೂರು ತಿಂಗಳು ಮೊದಲು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು,” ಅಂದರು.

“ಆಗ್ಲೇ ಬರೆದಿದ್ದೆ ಡಾಕ್ಟ್ರೇ. ಆರು ತಿಂಗಳು ಅಂತ ಹಾಕಿದ್ದೆ,” ಅಂದಳು ಅಕ್ಕ.

ಪಕ್ಕದಲ್ಲಿ ಕೂತಿದ್ದ ತಂಗಿಗೆ ತಾನು ಬರೆದ ಆ ಸಾಲು ನೆನಪಾಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮರುದಿನ ಆಫೀಸಿನಲ್ಲಿ ಆ ಸಾಲು ಅಳಿಸಿದಳು. ಅಂಕಿಯ ಜೊತೆ ಬೇರೇನು ಕಂಡರೂ ಒಪ್ಪದಂತೆ ಮಾಡಿದಳು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು. ಅಕ್ಕನ ವಿಷಯ ಗೊತ್ತಾದ ಮ್ಯಾನೇಜರ್ “ಹೊರಗೆ ಗದ್ದಲ ಮಾಡ್ಬೇಡ” ಅಂದನಷ್ಟೆ.

ಚಿಕಿತ್ಸೆಗೆ ದಿನ ಗೊತ್ತುಮಾಡಲು ಮತ್ತೆ ಅದೇ ಫಾರಂ. ಅಕ್ಕ ಮಂಚದಲ್ಲಿ ಒರಗಿಕೊಂಡು, ಫೋನಿನಲ್ಲಿ ‘9 ತಿಂಗಳು’ ಎಂದು ಒತ್ತಿದಳು. ಕೆಂಪು ಅಕ್ಷರ ಮೂಡಿತು: ದಿನಗಳನ್ನು ಅಂಕಿಯಲ್ಲಿ ಮಾತ್ರ ಬರೆಯಿರಿ.

“ಇದ್ಯಾಕೆ ಹೀಗೆ ಸಿಡುಕುತ್ತೆ?” ಅಕ್ಕನ ದನಿ ಅಷ್ಟರಲ್ಲಾಗಲೇ ಉಡುಗಿತ್ತು. “ನೀನು ಮಾಡಿದ್ದು ಎಷ್ಟು ಚೆನ್ನಾಗಿತ್ತು. ಏನು ಬರೆದ್ರೂ ಒಂದು ಮಾತು ಅಂತಿರ್ಲಿಲ್ಲ. ಯಾವ ಪುಣ್ಯಾತ್ಮ ಕೆಡಿಸಿದ್ನೋ.”

“ಯಾರೋ, ಗೊತ್ತಿಲ್ಲ ಕಣಕ್ಕ,” ಅಂದು ತಂಗಿ ಫೋನು ಇಸಿದುಕೊಂಡು 270 ಎಂದು ಬರೆದಳು.

ಉತ್ತರ ಕೂಡಲೇ ಬಂತು: ತುರ್ತು, ನಾಳೆ ಬೆಳಿಗ್ಗೆಯೇ ಬನ್ನಿ.

“ನೋಡಿದ್ಯಾ,” ಅಕ್ಕ ನಕ್ಕಳು, “ನಿನ್ ಕೈ ತಾಗಿದ್ರೆ ಎಷ್ಟು ಬೇಗ ಆಗುತ್ತೆ.”